ಚಹಾ ಆದ ಮೇಲೆ ಕೇಳಬೇಕಾದ ಪ್ರಶ್ನೆ

ಹೊಸದಾಗಿ ಕಂಪ್ಯೂಟರ್ ರಿಪೇರಿಗೆ ಇಳಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಸರ, ವಿಂಡೋಸ್ ಹಾಕೂ ಪೆನ್ ಡ್ರೈವ್ ಹಚ್ಚೀನ್ರಿ, ಮಷಿನ್ ಅದನ್ನ ನೋಡವಲ್ದು. ಯಾವ ಕೀ ಒತ್ತಬೇಕ್ರಿ?" ಅಂತ ಕೇಳುತ್ತಾರೆ. ನಾನು, "ಚಾ ಆತೇನು?" ಅನ್ನುತ್ತೇನೆ. ಮುದುಕನಿಗೆ ಅರಳು ಮರಳು ಅಂದುಕೊಳ್ಳುತ್ತಾರೆ ಅಂತ ಕಾಣುತ್ತದೆ.

ನಾನೇನು ಮುದುಕನಲ್ಲ. ಐವತ್ತೆರಡಕ್ಕೇ ಅಂಗಡಿ ಬಾಗಿಲು ಹಾಕಿದೆ, ಅಷ್ಟೇ. ಸೊಂಟ, ಕನ್ನಡಕ ಮತ್ತು ಹೆಂಡತಿ ಶಾಂತಾ ಮೂವರೂ ಕೂಡಿ ಠರಾವು ಪಾಸು ಮಾಡಿದರು. ಸಭೆಯಲ್ಲಿ ನಾನೂ ಇದ್ದೆ, ಮಾತಾಡುವ ಅವಕಾಶ ಸಿಗಲಿಲ್ಲ.

ಕೀ ಯಾವುದು ಅಂತ ಈಗ ಯಾರು ಬೇಕಾದರೂ ಹೇಳುತ್ತಾರೆ. ಎಫ್ ಹನ್ನೆರಡು ಒತ್ತಿ ನೋಡಿ, ಆಗದಿದ್ದರೆ ಎಫ್ ಒಂಬತ್ತು, ಅದೂ ಆಗದಿದ್ದರೆ ಮೂಲೆಯ ಎಸ್ಕೇಪ್. ಅಷ್ಟಕ್ಕೂ ಕೇಳದಿದ್ದರೆ ಪೆನ್ ಡ್ರೈವನ್ನು ಮುಂದಿನ ತೂತಿನಿಂದ ತೆಗೆದು ಹಿಂದಿನ ತೂತಿಗೆ ಹಚ್ಚಿ. ಮುಂದಿನ ತೂತಿಗೆ ಎಲ್ಲರೂ ಚಾರ್ಜರ್ ಚುಚ್ಚಿ ಚುಚ್ಚಿ ಅದರ ಜೀವ ತೆಗೆದಿರುತ್ತಾರೆ. ಇದಕ್ಕೆಲ್ಲ ಸಾವಿರ ವಿಡಿಯೋ ಇವೆ. ಚಹಾದ ವಿಷಯ ಮಾತ್ರ ಯಾವ ವಿಡಿಯೋದಲ್ಲೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಕಡೆಯ ಕೆಲಸದ ದಿನ, ಬಬಲೇಶ್ವರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಶಿವಲಿಂಗವ್ವ ಎಂಬ ಹೆಣ್ಣುಮಗಳ ತಾಯಿಯ ಮುಖ ನನ್ನ ತೋರುಬೆರಳಿನ ಕೆಳಗೆ ಅಳಿಸಿಹೋಗುವುದರಲ್ಲಿತ್ತು. ಆ ತಾಯಿಯದು ಭೂಮಿಯ ಮೇಲೆ ಅದೊಂದೇ ಚಿತ್ರ ಉಳಿದಿತ್ತು. ಅದನ್ನು ಉಳಿಸಿದ್ದು ನನ್ನ ಜ್ಞಾನವಲ್ಲ, ಅರ್ಧ ಕಪ್ಪು ಚಹಾ. ಆ ಅರ್ಧ ಕಪ್ಪಿನ ಬೆಲೆ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಶಿವಲಿಂಗವ್ವ ಬೆಂಚಿನ ಮೇಲೆ ಕಾಯುತ್ತಿರಲಿ. ಕಾಯುವುದು ಆಕೆಗೆ ಚೆನ್ನಾಗಿ ಬರುತ್ತದೆ, ಮುಂದೆ ನೀವೇ ನೋಡುತ್ತೀರಿ.

ನಾನು ಕೆಲಸ ಕಲಿತದ್ದು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ದಸ್ತಗೀರ ಸಾಹೇಬರ ಅಂಗಡಿಯಲ್ಲಿ. ಅವರು ಮೊದಲು ರೇಡಿಯೋ ಮಾಡುತ್ತಿದ್ದರು, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಬೋರ್ಡು ಮಾತ್ರ ಕಡೆಯತನಕ ರೇಡಿಯೋದ್ದೇ ಇತ್ತು. "ಬೋರ್ಡ ಬದಲಿ ಮಾಡ್ರಿ" ಅಂದರೆ, "ಯಾಕ? ಬರೋರಿಗೆ ಅಂಗಡಿ ಗೊತ್ತೈತಿ, ಬರದಿದ್ದೋರಿಗೆ ಬೋರ್ಡ ಯಾಕ ಬೇಕು?" ಅನ್ನುತ್ತಿದ್ದರು. ಯಾವ ಮಷಿನ್ನು ಬಂದರೂ ಮೊದಲು ಅದರ ಹಿಂದೆ ಮೂಗು ಇಟ್ಟು ವಾಸನೆ ನೋಡುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನಾನೂ ಮೂಸತೊಡಗಿದೆ. ಒಮ್ಮೆ ಸತ್ತ ಇಲಿಯ ಹತ್ತಿರ ಮೂಗು ಇಟ್ಟೆ. ಅದನ್ನು ವಿವರಿಸುವುದು ಬೇಡ.

ಆಗ ಸಿ.ಡಿ. ಕಾಲ ಮುಗಿದು ಪೆನ್ ಡ್ರೈವ್ ಕಾಲ ಶುರುವಾಗುತ್ತಿತ್ತು. ಸಿ.ಡಿ.ಗೆ ಗೀರು ಬಿದ್ದರೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಅರಿವೆಯಿಂದ ಒರೆಸುತ್ತಿದ್ದೆವು. ಅರ್ಧದಷ್ಟು ಸಲ ಅದು ಕೆಲಸ ಮಾಡುತ್ತಿತ್ತು, ಉಳಿದ ಅರ್ಧ ಸಲ ಸಿ.ಡಿ.ಗೆ ಒಳ್ಳೆಯ ವಾಸನೆ ಬರುತ್ತಿತ್ತು. ಪೆನ್ ಡ್ರೈವ್ ಬಂದ ಮೇಲೆ ಸುಖವಾಯಿತು ಅಂದುಕೊಂಡೆವು. ಹೊಸ ಸುಖದ ಜೊತೆ ಹೊಸ ಪೆದ್ದತನವೂ ಬರುತ್ತದೆ ಅನ್ನುವುದು ನನಗೆ ಅಥಣಿ ರಸ್ತೆಯ ಒಬ್ಬ ಮಾಸ್ತರರ ಮನೆಯಲ್ಲಿ ಗೊತ್ತಾಯಿತು.

ಅದು ನಾನು ಒಬ್ಬನೇ ಹೋದ ಮೊದಲ ಕೆಲಸ. ಪೆನ್ ಡ್ರೈವ್ ಹಚ್ಚಿದೆ, ಅದರಿಂದ ಹೊಸ ವಿಂಡೋಸ್ ಮಷಿನ್ನಿಗೆ ಸುರಿಯಿತು, ಮಷಿನ್ನು ತಾನೇ ಬಂದ್ ಆಗಿ ತಾನೇ ಶುರುವಾಯಿತು. ನೋಡಿದರೆ ಮತ್ತೆ ಮೊದಲಿನ ಪರದೆ: ಯಾವ ಭಾಷೆ ಬೇಕು, ಯಾವ ದೇಶ. ಇದು ಹೀಗೇ ಇರಬೇಕು ಅಂದುಕೊಂಡು ಮತ್ತೆ ಎಲ್ಲ ಒತ್ತಿದೆ. ಮತ್ತೆ ಸುರಿಯಿತು, ಮತ್ತೆ ಬಂದ್ ಆಯಿತು, ಮತ್ತೆ ಭಾಷೆ, ದೇಶ. ಮಾಸ್ತರರು ಕನ್ನಡಕ ಏರಿಸಿ ಕೇಳಿದರು:

"ಇದು ಎಷ್ಟ ಸಲ ಆಗಬೇಕ್ರಿ?"

"ಮನಿಗೆ ಬಣ್ಣ ಹಚ್ಚಿದಂಗ್ರಿ ಸರ," ಅಂದೆ. "ಒಂದ ಕೋಟಿಂಗಿಗೆ ನಿಲ್ಲಂಗಿಲ್ಲ."

ಮೂರು ಕೋಟಿಂಗ್ ಮುಗಿಸಿ, ನಾಲ್ಕನೆಯದಕ್ಕೆ ಬೆವರೊರೆಸಿಕೊಂಡು ದಸ್ತಗೀರ ಸಾಹೇಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಈರಣ್ಣಾ, ಅಕ್ಕಿಕಾಳು ಬಿದ್ದ ಮ್ಯಾಲೆ ಮದುಮಗನ್ನ ಹಂದರದಿಂದ ಹೊರಗ ಕರಕೊಂಡು ಬರಬೇಕಪಾ. ಅಲ್ಲೇ ಕುಂದ್ರಿಸಿದ್ರ ಅವರು ಮತ್ತ ಅಕ್ಕಿಕಾಳು ಹಾಕ್ತಾರ. ಪೆನ್ ಡ್ರೈವ್ ತಗೀ."

ತೆಗೆದೆ. ಮಷಿನ್ನು ಸರಿಯಾಗಿ ಶುರುವಾಯಿತು. ಮಾಸ್ತರರು ನೆರೆಮನೆಯವರಿಗೆಲ್ಲ ತಮ್ಮ ಕಂಪ್ಯೂಟರಿಗೆ ಮೂರು ಕೋಟಿಂಗ್ ಆಗಿದೆ ಅಂತ ಹೆಮ್ಮೆಯಿಂದ ಹೇಳಿಕೊಂಡರಂತೆ. ಆ ಓಣಿಯಿಂದ ನನಗೆ ಬಂದ ಗಿರಾಕಿಗಳು ಕೆಲವರು ಬಹಳ ದಿನ, "ನಮ್ಮದಕ್ಕೂ ಮೂರು ಹಾಕ್ರಿ" ಅನ್ನುತ್ತಿದ್ದರು.

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಅಂಗಿಯ ಜೇಬಿನಲ್ಲಿ ಒಂದು ಪೆನ್ ಡ್ರೈವ್, ಅದು ಕೆಟ್ಟರೆ ಅಂತ ಪ್ಯಾಂಟಿನಲ್ಲಿ ಒಂದು, ಎರಡೂ ಕಳೆದರೆ ಅಂತ ಚೀಲದ ತಳದಲ್ಲಿ ಒಂದು. ಬಸ್ಸಿನಲ್ಲಿ ಕೂತು ಮೂರನ್ನೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರು ಇವನಿಗೆ ತುರಿಕೆ ಇದೆ ಅಂತ ಸರಿದು ಕೂರುತ್ತಿದ್ದರು. ಒಮ್ಮೆ ಶಾಂತಾ ಅಂಗಿಯ ಜೊತೆ ಪೆನ್ ಡ್ರೈವನ್ನೂ ಒಗೆದುಬಿಟ್ಟಳು. ನಾನು ತಲೆಯ ಮೇಲೆ ಕೈ ಹೊತ್ತು ಕೂತಾಗ ಆಕೆ ಅದನ್ನು ಹಗ್ಗಕ್ಕೆ ಚಿಮಟದಿಂದ ಸಿಕ್ಕಿಸುತ್ತಾ, "ನಿಮ್ಮ ಜೀವಾ ಒಗದೀನ್ರಿ, ಒಣಗಿದ ಮ್ಯಾಲೆ ತಗೋರಿ," ಅಂದಳು. ಒಣಗಿದ ಮೇಲೆ ಅದು ಮೊದಲಿಗಿಂತ ಚೆನ್ನಾಗಿ ನಡೆಯಿತು. ಇದನ್ನು ಯಾರೂ ಮಾಡಿ ನೋಡಬಾರದು.

ಈಗ ಚಹಾಕ್ಕೆ ಬರೋಣ.

ನಮ್ಮ ಕಡೆ ಯಾರ ಮನೆಗೆ ಹೋದರೂ ಅವರು "ಚಾ ಕುಡೀರಿ" ಅನ್ನುತ್ತಾರೆ. ನಾವು "ಬ್ಯಾಡ್ರಿ, ಈಗರ ಆತು" ಅನ್ನಬೇಕು. ಎರಡನೇ ಸಲ ಕೇಳಿದರೂ ಬ್ಯಾಡವೇ. ಮೂರನೇ ಸಲ, "ಹಂಗಾರ ಅರ್ಧ ಕಪ್ಪ" ಅನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವನು ಉಪವಾಸ ಬಿದ್ದು ಬಂದಿದ್ದಾನೆ ಅಂತ ಲೆಕ್ಕ. ಮೂರನೇ ಸಲ ಕೇಳದ ಮನೆಯವರು ಜಿಪುಣರು ಅಂತ ಲೆಕ್ಕ. ಇದು ಗೊತ್ತಿಲ್ಲದೆ ಬೇರೆ ಕಡೆಯಿಂದ ವರ್ಗವಾಗಿ ಬಂದ ಎಷ್ಟೋ ಅಧಿಕಾರಿಗಳು ಎದುರು ಬಂದವರಿಗೆ ಒಂದೇ ಸಲ ಕೇಳಿ ಸುಮ್ಮನಾಗಿ ಊರೆಲ್ಲ ಹೆಸರು ಕೆಡಿಸಿಕೊಂಡಿದ್ದಾರೆ.

ದಸ್ತಗೀರ ಸಾಹೇಬರು ಈ ಪದ್ಧತಿಯನ್ನು ಹಾರ್ಡ್ ಡಿಸ್ಕಿಗೆ ಹಚ್ಚಿದ್ದರು. ಹೊಸ ವಿಂಡೋಸ್ ಹಾಕುವ ಮೊದಲು ಗಿರಾಕಿಯನ್ನು, "ಒಳಗ ಏನರ ಬೇಕಾದದ್ದು ಐತೇನ್ರಿ?" ಅಂತ ಕೇಳುವುದು ಎಲ್ಲರಿಗೂ ಗೊತ್ತು. ಗಿರಾಕಿ, "ಏನೂ ಇಲ್ರಿ, ಹೊಡೀರಿ" ಅನ್ನುತ್ತಾನೆ. ಅದು ಸುಳ್ಳಲ್ಲ, ಮರ್ಯಾದೆ. ಮನೆಗೆ ಬಂದ ಕೆಲಸದವರಿಗೆ ಹೆಚ್ಚಿನ ತ್ರಾಸು ಕೊಡಬಾರದು ಅನ್ನುವ ಮರ್ಯಾದೆ.

"ಒಮ್ಮೆ ಹೋದ ಕೂಡ್ಲೇ ಕೇಳು," ಅನ್ನುತ್ತಿದ್ದರು ಸಾಹೇಬರು. "ಒಮ್ಮೆ ಪೆನ್ ಡ್ರೈವ್ ಹಚ್ಚೂ ಮುಂದ ಕೇಳು. ಎರಡೂ ಸಲ ಏನೂ ಇಲ್ಲ ಅಂತಾರ, ನಂಬಬ್ಯಾಡ. ಮೂರನೇದು ಅವರ ಚಾ ಕುಡದ ಮ್ಯಾಲೆ ಕೇಳು. ಅವರ ಚಾ ನಿನ್ನ ಹೊಟ್ಟಿಗೆ ಹೋತಂದ್ರ ನೀ ಹೊರಗಿನಾಂವ ಅಲ್ಲ. ಆವಾಗ ಹೇಳ್ತಾರ ನೋಡು."

ಹೇಳುತ್ತಿದ್ದರು! "ಏನಿಲ್ರಿ, ಮಗಳ ಲಗ್ನದ ವಿಡಿಯೋ ಒಂದೈತಿ." "ಏನಿಲ್ರಿ, ಹ್ವಾದ ವರ್ಷ ಮಾರಿದ ನಮ್ಮ ಎತ್ತಿನ ಫೋಟೋ ಅದಾವ, ನಮ್ಮಪ್ಪ ದಿನಾ ನೋಡ್ತಾನ." "ಏನಿಲ್ಲ" ಅನ್ನುವುದು ನಮ್ಮಲ್ಲಿ ಮಾತಿನ ಬಾಗಿಲು. ಸಾಮಾನು ಇರುವುದು ಅದರ ಆಚೆ. ಚಹಾ ತಣ್ಣಗಾದರೂ ಪರವಾಗಿಲ್ಲ, ಕುಡಿದು ಮೂರನೇ ಸಲ ಕೇಳುವವರೆಗೆ ಡಿಲೀಟ್ ಒತ್ತಬಾರದು ಅನ್ನುವುದು ನಮ್ಮ ಅಂಗಡಿಯ ಕಾಯಿದೆಯಾಯಿತು.

ಇನ್ನೊಂದು ಪಾಠ ತಿಕೋಟಾದ್ದು. ಅದಿಲ್ಲದೆ ಬಬಲೇಶ್ವರದ ಕಥೆ ಮುಗಿಯುವುದಿಲ್ಲ.

ತಿಕೋಟಾದಲ್ಲಿ ಅಪ್ಪುಗೌಡರದು ದ್ರಾಕ್ಷಿ ಒಣಗಿಸುವ ಶೆಡ್ಡು. ಹಸಿ ದ್ರಾಕ್ಷಿ ಬಲೆಗಳ ಮೇಲೆ ಒಣಗಿ ಮನುಕ ಆಗುತ್ತದೆ, ಅದಕ್ಕೆ ಬಂಗಾರದ ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆಯ ಕೋಣೆಯ ಪಕ್ಕದಲ್ಲೇ ಗೌಡರ ಆಫೀಸು, ಆಫೀಸಿನಲ್ಲಿ ಕಂಪ್ಯೂಟರು. ನಾನು ಪೆನ್ ಡ್ರೈವ್ ಹಚ್ಚಿ ಸುರಿಯತೊಡಗಿದೆ. ಒಮ್ಮೆ ಕಾಲು ಭಾಗಕ್ಕೆ ನಿಂತು ಎರರ್ ಬಂತು. ಮತ್ತೊಮ್ಮೆ ಅರ್ಧಕ್ಕೆ. ಮಗುದೊಮ್ಮೆ ಶುರುವಿನಲ್ಲೇ. ನಾನು ಪೆನ್ ಡ್ರೈವನ್ನು ಬೈದೆ, ಕರೆಂಟನ್ನು ಬೈದೆ, ನನ್ನ ಹಣೆಬರಹವನ್ನಂತೂ ಮನಸಾರೆ ಬೈದೆ. ಕಡೆಗೆ ಸಾಹೇಬರೇ ಬಸ್ಸು ಹಿಡಿದು ಬಂದರು. ಮಷಿನ್ನಿನ ಹಿಂದೆ ಮೂಗು ಇಟ್ಟರು. ಆಮೇಲೆ ಮಷಿನ್ನು ಬಿಟ್ಟು ಗೌಡರ ಎದೆಯನ್ನೇ ನೋಡತೊಡಗಿದರು. ಅಲ್ಲಿ ಬೆಳ್ಳಿಯ ಲಿಂಗದ ಕರಡಿಗೆ ತೂಗುತ್ತಿತ್ತು.

"ಗೌಡ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಕರಡಗಿ ಯಾಕ ಇಷ್ಟ ಕರ್ರಗಾಗೇತಿ?"

"ಅಯ್ಯ, ದೀಪಾವಳಿಗೆ ತಿಕ್ಕಸ್ತೇನ್ರಿ ಸಾಹೇಬ್ರ. ಶೆಡ್ಡಿನ ಸೀಜನ್ ಬಂತಂದ್ರ ಮತ್ತ ಕರ್ರಗ. ಗಂಧಕದ ಹೊಗಿ ಬೆಳ್ಳಿ ಬಿಡಂಗಿಲ್ಲ."

"ನಿಮ್ಮ ಬೆಳ್ಳಿ ಬಿಡದಿದ್ದದ್ದು ನಮ್ಮ ತಾಮ್ರ ಬಿಡ್ತೈತೇನ್ರಿ?" ಅಂದು ಸಾಹೇಬರು ಮಷಿನ್ನು ಬಿಚ್ಚಿ ರ‍್ಯಾಮ್ ಪಟ್ಟಿ ಹೊರತೆಗೆದರು. ಅದರ ಅಂಚಿನ ಹಲ್ಲುಗಳ ಮೇಲೆ ಮಸಿಯಂಥ ಪೊರೆ. ಗೌಡರ ಮೊಮ್ಮಗಳ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ತಿಕ್ಕಿದರು. ಮಷಿನ್ನು ಒಂದೇ ಉಸಿರಿಗೆ ಕೆಲಸ ಮುಗಿಸಿತು. ವಾಪಸು ಬರುವಾಗ ಬಸ್ಸು ಕುಲುಕುತ್ತಿತ್ತು. ಸಾಹೇಬರು ಅದರಲ್ಲೇ ಪಾಠ ಹೇಳಿದರು:

"ಬಸ್ಸ ದಿನಾ ಒಂದೇ ತಗ್ಗಿನಾಗ ನಿಂತ್ರ ರಸ್ತೆ ಕೆಟ್ಟೈತಿ. ದಿನಾ ಬ್ಯಾರೆ ಬ್ಯಾರೆ ಕಡೆ ನಿಂತ್ರ ಬಸ್ಸೇ ಕೆಟ್ಟೈತಿ. ಒಂದೇ ಜಾಗಾದಾಗ ಎರರ್ ಬಂದ್ರ ಪೆನ್ ಡ್ರೈವ್ ನೋಡು. ಜಾಗಾ ಬದಲಾದ್ರ ರ‍್ಯಾಮ್ ನೋಡು."

ಇದಕ್ಕಿಂತ ಚಲೋ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆದರೆ ಬೇಕಾದಾಗ ಅದು ನೆನಪಾಗುತ್ತದೆ ಅಂತ ಏನೂ ಇಲ್ಲ. ಸಾಹೇಬರು ವಯಸ್ಸಾಗಿ ಅಂಗಡಿ ನನಗೆ ಬಿಟ್ಟು, ಮನೆಯಲ್ಲಿ ಮೊಮ್ಮಕ್ಕಳ ಮೊಬೈಲು ಬಿಚ್ಚುತ್ತಾ ಸುಖವಾಗಿದ್ದಾರೆ. ನಾನು ಒಬ್ಬನೇ ಅಷ್ಟು ವರ್ಷ ಅಂಗಡಿ ನಡೆಸಿ ಕಡೆಯ ಕೆಲಸಕ್ಕೆ ಬಂದೆ.

ಬಬಲೇಶ್ವರದ ರಾಜೇಸಾಬ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟವನು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಗೆದ್ದವರಿಗೆ ಅಭಿನಂದನೆ, ಸೋತವರಿಗೂ ಅಭಿನಂದನೆ, ಎಲ್ಲ ಅವನದೇ ಕೈಯಿಂದ. ಆ ಬ್ಯಾನರುಗಳು ನಾಲ್ಕು ದಿನ ಕಂಬದ ಮೇಲೆ ಇದ್ದು, ಆಮೇಲೆ ಕಣಕಿ ಬಣವಿಗೆ, ಅಂದರೆ ಜೋಳದ ದಂಟಿನ ಮೆದೆಗೆ, ಹೊದಿಕೆಯಾಗುತ್ತವೆ. ನಮ್ಮ ಕಡೆ ಹೊಲದ ದಾರಿಯಲ್ಲಿ ಹೋದರೆ ಬಣವಿಗಳ ಮೇಲೆ ದೊಡ್ಡ ದೊಡ್ಡವರು ಕೈ ಮುಗಿದು ಮಲಗಿರುತ್ತಾರೆ.

ಮುಂಜಾನೆ ಹೋದೆ. ಅಂಗಡಿಯ ಬೆಂಚಿನ ಮೇಲೆ ಕೆಂಪು ಸೀರೆಯ, ಕೈ ತುಂಬ ಹಚ್ಚೆಯ ಒಬ್ಬ ಹಿರಿಯ ಹೆಣ್ಣುಮಗಳು ಕೂತಿದ್ದಳು. ಕುರಿ ಕಾಯುವವರ ಹಾಗೆ ಹೆಗಲ ಮೇಲೆ ಕಂಬಳಿ.

"ಯಾವ ಬಸ್ಸಿಗೆ ಕುಂತೀರಿ ಯವ್ವಾ?" ಅಂದೆ.

"ಬಸ್ಸಿಗಲ್ಲ ಯಪ್ಪಾ. ಸುಮ್ಮ ಕುಂತೇನಿ."

ಸುಮ್ಮ ಅಂದರೆ ಸುಮ್ಮ ಅಂತ ನಾನು ನಂಬಿದೆ. ಅದೇ ಆ ದಿನದ ಮೊದಲ ಪೆದ್ದತನ.

"ರಾಜೇಸಾಬ, ಒಳಗ ಏನರ ಬೇಕಾದದ್ದು ಐತೇನು?"

"ಏನೂ ಇಲ್ರಿ ಈರಣ್ಣಾರ. ಎಲ್ಲಾ ಹೊಡದು ಚೊಕ್ಕ ಮಾಡ್ರಿ. ಭಾಳ ಸತಾಯಿಸ್ತೈತಿ."

ಮಷಿನ್ನಿನಲ್ಲಿ ಎರಡು ಡಿಸ್ಕು ಇದ್ದವು. ಒಂದು ಹೊಸದು, ಚಿಕ್ಕದು, ವಿಂಡೋಸ್ ಇರುವುದಕ್ಕೆ. ಇನ್ನೊಂದು ಹಳೆಯದು, ದೊಡ್ಡದು. ಮುಂದಿನ ತೂತಿಗೆ ಹಚ್ಚಿದೆ, ಪೆನ್ ಡ್ರೈವ್ ಕಾಣಲಿಲ್ಲ. ಹಿಂದಿನ ತೂತಿಗೆ ಹಚ್ಚಿದೆ, ಕಂಡಿತು. ಚಿಕ್ಕ ಡಿಸ್ಕನ್ನು ಆರಿಸಿ ಸುರಿಯತೊಡಗಿದೆ. ಸ್ವಲ್ಪ ಹೋಗಿ ನಿಂತಿತು. ಮತ್ತೆ ಹಾಕಿದೆ, ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು. ಪ್ಯಾಂಟಿನ ಜೇಬಿನ ಪೆನ್ ಡ್ರೈವ್ ತೆಗೆದೆ. ಅದು ಶುರುವಿನಲ್ಲೇ ನಿಂತಿತು. ಚೀಲದ ತಳದ್ದು ಕಡೆಯವರೆಗೆ ಹೋಗಿ, ಆಸೆ ಹುಟ್ಟಿಸಿ, ನಿಂತಿತು.

ಬಸ್ಸು ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಸಾಹೇಬರ ಪಾಠ ನೆನಪಾಗಬೇಕಾದ್ದು ಆವಾಗಲೇ. ಆದರೆ ನನ್ನ ತಲೆ ತುಂಬ ಚಿಂತೆ: ಕಡೆಯ ಕೆಲಸವೇ ಕೈ ಕೊಟ್ಟರೆ ಜನ ಏನು ಅಂದಾರು, ಇವನಿಗೆ ಆಗದ್ದಕ್ಕೇ ಅಂಗಡಿ ಮುಚ್ಚಿದ ಅಂದಾರು. ಅಷ್ಟರಲ್ಲಿ ಶಾಂತಾಳ ಫೋನು ಬೇರೆ. "ಆತೇನ್ರಿ?" "ಇನ್ನೊಂದೀಟು." "ಬೆಳಗಿನಿಂದ ಇನ್ನೊಂದೀಟು ಅನ್ನಾಕತ್ತೀರಿ. ಊಟಕ್ಕರ ಬರ್ತೀರೋ, ಅಲ್ಲೇ ಒಂದು ಫ್ಲೆಕ್ಸ ಹಾಕಿಸಿಕೋತೀರೋ?"

ಗಾಬರಿಯಾದ ಮನುಷ್ಯನಿಗೆ ಕಾರಣ ಬೇಗ ಸಿಗುತ್ತದೆ, ತಪ್ಪು ಕಾರಣ. ಹಳೆಯ ದೊಡ್ಡ ಡಿಸ್ಕಿನ ತಲೆಯಲ್ಲಿ ಹಿಂದಿನ ವಿಂಡೋಸಿನ ತುಂಡು ಕೂತಿತ್ತು, ಅದೇ ಅಡ್ಡ ಬರುತ್ತಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಎರಡೂ ಡಿಸ್ಕು ಪೂರ್ತಿ ಅಳಿಸಿ ಹೊಸದಾಗಿ ಹಾಕೋಣ. ವಿಡಿಯೋದವರೆಲ್ಲ ಹೇಳುವುದೂ ಇದನ್ನೇ.

"ರಾಜೇಸಾಬ, ಹಳೇ ಡಿಸ್ಕಿನ್ಯಾಗೂ ಏನಿಲ್ಲಲ್ಲ?"

"ಇಲ್ರಿ, ಹೊಡೀರಿ."

ದೊಡ್ಡ ಡಿಸ್ಕನ್ನು ಆರಿಸಿದೆ. ಡಿಲೀಟ್ ಒತ್ತಿದೆ. ಇದರಲ್ಲಿರುವುದೆಲ್ಲ ಹೋಗುತ್ತದೆ, ನಡೆಯಲೇ ಅಂತ ಮಷಿನ್ನು ಕೇಳಿತು. ಮಷಿನ್ನು ಪಾಪ, ಒಂದೇ ಸಲ ಕೇಳುತ್ತದೆ. ಬೆರಳು ಎಂಟರ್ ಮೇಲೆ ಇಟ್ಟೆ.

"ಈರಣ್ಣಾರ, ಚಾ ಬಂತ್ರಿ!"

"ಬ್ಯಾಡಪಾ," ಅಂದೆ, ಬೆರಳು ತೆಗೆಯದೆ.

"ಕುಡೀರಿ, ಬಿಸಿ ಐತಿ."

"ಈಗರ ಆತು."

"ನನ್ನ ಆಣಿ ಐತ್ರಿ, ಅರ್ಧ ಕಪ್ಪರ."

ಮೂರನೇ ಸಲಕ್ಕೆ ಬ್ಯಾಡ ಅನ್ನಲು ನನಗೆ ಬರುವುದಿಲ್ಲ. ಬೆರಳು ಎತ್ತಿದೆ. ಎದ್ದು ಬೆಂಚಿನ ಮೇಲೆ ಆ ಹೆಣ್ಣುಮಗಳ ಪಕ್ಕ ಕೂತೆ. ಆಕೆಯೂ ಎರಡು ಸಲ ಬ್ಯಾಡ ಅಂದು ಬಸಿಗೆ, ಅಂದರೆ ಸಾಸರಿಗೆ, ಹೊಯ್ದುಕೊಂಡು ಕುಡಿಯುತ್ತಿದ್ದಳು. ಚಹಾ ಗಂಟಲಿಗೆ ಇಳಿದದ್ದೇ, ಇಷ್ಟು ವರ್ಷದ ರೂಢಿಗೆ ಬಾಯಿ ತಾನೇ ತೆರೆಯಿತು:

"ಖರೇನ ಏನೂ ಇಲ್ಲೇನು ರಾಜೇಸಾಬ, ಆ ಡಿಸ್ಕಿನ್ಯಾಗ?"

ರಾಜೇಸಾಬ ಕಪ್ಪಿನೊಳಗೆ ನೋಡುತ್ತಾ ಅಂದ: "ಏನಿಲ್ರಿ. ಬರೇ ಮಾರಿ ಅದಾವ." ಮಾರಿ ಅಂದರೆ ನಮ್ಮ ಕಡೆ ಮುಖ.

"ಯಾರ ಮಾರಿ?"

"ಎಲ್ಲಾರ್ದೂರಿ. ಬ್ಯಾನರಿಗಂತ ಕತ್ತರಿಸಿ ಇಟ್ಟವು. ಇಡೀ ಬಬಲೇಶ್ವರದ ಮಾರಿ ಅದರಾಗ ಅದಾವ. ಸತ್ತವರದು, ಇದ್ದವರದು."

"ಮತ್ತ ಏನೂ ಇಲ್ಲಂದಿ!"

"ನಂದೇನೂ ಇಲ್ಲಲ್ರಿ. ಅವು ಮಂದೀವು."

ನಾನು ಕಪ್ಪು ಬೆಂಚಿನ ಮೇಲಿಟ್ಟೆ. ಆಗ ಪಕ್ಕದಿಂದ ಮೆಲ್ಲಗೆ ಮಾತು ಬಂತು.

"ನಮ್ಮವ್ವನ ಮಾರೀನೂ ಅದರಾಗ ಐತಿ ಯಪ್ಪಾ."

ಈಕೆಯೇ ಶಿವಲಿಂಗವ್ವ. ತಾಯಿ ನಿಂಗವ್ವ ತೀರಿಕೊಂಡಾಗ ರಾಜೇಸಾಬನೇ ಶ್ರದ್ಧಾಂಜಲಿ ಬ್ಯಾನರ್ ಮಾಡಿದ್ದ. ಈಗ ಶಿವಲಿಂಗವ್ವನ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಕೂಸಿಗೆ ನಿಂಗವ್ವ ಅಂತಲೇ ಹೆಸರಿಡುವುದು ಗೊತ್ತಾಗಿತ್ತು. ತೊಟ್ಟಿಲು ಹಾಕುವ ದಿನ ಹಿರಿಯ ನಿಂಗವ್ವನ ಮುಖವೂ ಅಲ್ಲಿರಬೇಕು, ಹೆಸರು ಯಾರದು ಅಂತ ಕೂಸಿಗೆ ಗೊತ್ತಾಗಬೇಕು ಅನ್ನುವುದು ಆಕೆಯ ಆಸೆ.

"ಆ ಹಳೇ ಬ್ಯಾನರ್ ಎಲ್ಲೈತ್ರಿ?"

"ಬಣವಿ ಮ್ಯಾಲಿತ್ತು. ಗಾಳಿಗೆ ಚಿಂದಿ ಆತು."

"ಅಸಲು ಫೋಟೋ?"

"ಆಡು ತಿಂತು."

ರಾಜೇಸಾಬ ನಕ್ಕ. ಆಕೆ ಅವನ ಕಡೆ ಒಂದು ನೋಟ ಬಿಟ್ಟಳು. "ನಗಬ್ಯಾಡಲೇ. ಚೌಕಟ್ಟ ಬಿಟ್ಟು ಎಲ್ಲಾ ತಿಂತು."

"ಮತ್ತ ಮುಂಜಾನಿ ನಾ ಬಂದ ಕೂಡ್ಲೇ ಹೇಳಬಾರದೇನ್ರಿ ಯವ್ವಾ? ಸುಮ್ಮ ಕುಂತೇನಿ ಅಂದ್ರಿ."

"ನೀವು ಪೆಟ್ಟಿಗಿ ಬಿಚ್ಚಿ ಕುಂತಿದ್ರಿ. ಕೆಲಸದಾಗ ಇದ್ದವರ ನಡುವ ಹೆಂಗ ಮಾತಾಡೂದು?"

ನಾನು ಎದ್ದು ಹೋಗಿ ಆ ಪರದೆಯ ಮುಂದೆ ನಿಂತೆ. ನಡೆಯಲೇ ಅಂತ ಅದು ಇನ್ನೂ ಕೇಳುತ್ತಲೇ ಇತ್ತು. ಬಲಗೈಯನ್ನು ನಂಬಲಾರದೆ ಎಡಗೈಯಿಂದ ರದ್ದು ಒತ್ತಿದೆ. ಆಮೇಲೆ ಮಷಿನ್ನು ಬಂದ್ ಮಾಡಿ, ಸಾಹೇಬರು ಮಾಡುತ್ತಿದ್ದ ಹಾಗೆ, ಮಾಡಬೇಕಾದ್ದನ್ನು ಮಾಡಿದೆ. ಹಿಂದೆ ಮೂಗು ಇಟ್ಟೆ.

ಕಡ್ಡಿಪೆಟ್ಟಿಗೆಯ ವಾಸನೆ. ಗಂಧಕ.

ಮುಚ್ಚಳ ಬಿಚ್ಚಿದರೆ ಒಳಗಿಂದ ಒಂದು ಒಣ ದ್ರಾಕ್ಷಿ ಟಣ್ ಅಂತ ನೆಲಕ್ಕೆ ಬಿತ್ತು. ಕಲ್ಲಿನಷ್ಟು ಗಟ್ಟಿಯಾಗಿತ್ತು.

"ಇದನ್ನ ಎಲ್ಲಿಂದ ತಂದಿ ರಾಜೇಸಾಬ?"

"ತಿಕೋಟಾದಾಗ ಒಂದು ದ್ರಾಕ್ಷಿ ಶೆಡ್ಡಿನವರು ಹಳೇದು ಕೊಟ್ರು. ಯಾಕ್ರಿ?"

ಸಾಹೇಬರು ಅಲ್ಲೇ ಎಲ್ಲೋ ನಿಂತು "ಬಸ್ಸ ಬ್ಯಾರೆ ಬ್ಯಾರೆ ಕಡೆ ನಿಂತ್ರ ಏನಂತ ಹೇಳಿದ್ದೆ?" ಅಂದ ಹಾಗಾಯಿತು. ಮುಂಜಾನೆಯೇ ಮೂಸಿದ್ದರೆ ಮಧ್ಯಾಹ್ನದ ಊಟ ಮನೆಯಲ್ಲಿ ಆಗುತ್ತಿತ್ತು.

"ರಬ್ಬರ್ ಕೊಡು, ಪೆನ್ಸಿಲ್ ಅಳಸೂದು."

"ನಮ್ಮಲ್ಲಿ ಎಲ್ಲಿ ರಬ್ಬರ್ರಿ? ನಾವು ಎಲ್ಲಾ ಮಷಿನ್ಯಾಗ ಅಳಸ್ತೇವಿ," ಅಂದು ಎದುರಿನ ಕಿರಾಣಿ ಅಂಗಡಿಗೆ ಓಡಿದ.

ಅಷ್ಟರಲ್ಲಿ ನಾನು ದೊಡ್ಡ ಡಿಸ್ಕನ್ನು ವೈರಿನಿಂದ ಬಿಡಿಸಿ ಹೊರತೆಗೆದೆ. ಇದನ್ನು ಹೊಸಬರು ಗಟ್ಟಿಯಾಗಿ ನೆನಪಿಡಿ: ಬೇಕಾದ ಡಿಸ್ಕು ಮಷಿನ್ನಿನಲ್ಲೇ ಇದ್ದರೆ ಬೆರಳು ತಪ್ಪುವ ಸಂಭವ ಇದ್ದೇ ಇದೆ. ಬಿಚ್ಚಿ ಹೊರಗಿಟ್ಟರೆ ನನ್ನಂಥ ಪೆದ್ದನೂ ಅದನ್ನು ಅಳಿಸಲಾರ. ಎಲ್ಲಿಡಲಿ ಅಂತ ನೋಡಿದೆ. ಟೇಬಲ್ಲಿನ ಮೇಲೆ ಇಟ್ಟರೆ ಬಿದ್ದೀತು, ಕುರ್ಚಿಯ ಮೇಲೆ ಇಟ್ಟರೆ ಯಾರಾದರೂ ಕೂತಾರು. ಕಡೆಗೆ ಶಿವಲಿಂಗವ್ವನ ಮಡಿಲಲ್ಲಿ ಇಟ್ಟೆ.

"ಇದನ್ನ ಹಿಡಕೋರಿ ಯವ್ವಾ. ಅಲುಗಾಡಸಬ್ಯಾಡ್ರಿ. ನಿಮ್ಮವ್ವ ಇದರಾಗ ಅದಾಳ."

ಆಕೆ ಸೆರಗು ಸುತ್ತಿ ಎರಡೂ ಕೈಯಲ್ಲಿ ಹಿಡಿದಳು. "ಇಡೀ ಊರ ಐತಿ ಅಂತೀರಿ, ಭಾರನ ಇಲ್ಲಲ್ಲ," ಅಂದಳು.

ರ‍್ಯಾಮ್ ಪಟ್ಟಿಯ ಹಲ್ಲು ತಿಕ್ಕಿ ಕೂರಿಸಿದೆ. ಪೆನ್ ಡ್ರೈವ್ ಹಚ್ಚಿದೆ. ಕಾಲು ಭಾಗ ದಾಟಿತು. ಅರ್ಧ ದಾಟಿತು. ರಾಜೇಸಾಬ ಉಸಿರು ಹಿಡಿದು ನಿಂತಿದ್ದ. ನಾನಂತೂ ಚಿಂತೆಗೆ ಎದ್ದು ಹೊರಗೆ ಹೋಗಿ ಬಸ್ಸಿನ ಬೋರ್ಡು ಓದತೊಡಗಿದೆ. "ಆತ್ರಿ! ಆತ್ರಿ!" ಅಂತ ರಾಜೇಸಾಬ ಒಳಗಿನಿಂದ ಕೂಗಿದ. ಓಡಿ ಬಂದು, ಮಷಿನ್ನು ಮತ್ತೆ ಶುರುವಾಗುವ ಮುಂಚೆ ಮದುಮಗನನ್ನು ಹಂದರದಿಂದ ಎಳೆದೆ. ಅಷ್ಟಾದರೂ ನೆನಪಿತ್ತು.

ಎಲ್ಲ ಮುಗಿದ ಮೇಲೆ ಮಷಿನ್ನು ಬಂದ್ ಮಾಡಿ, ಶಿವಲಿಂಗವ್ವನ ಮಡಿಲಿನಿಂದ ಡಿಸ್ಕು ಇಸಿದುಕೊಂಡು ಜೋಡಿಸಿದೆ. ತೆರೆದರೆ "ಮಾರಿ", "ಹೊಸ ಮಾರಿ", "ಹೊಸ ಮಾರಿ ಫೈನಲ್", "ಫೈನಲ್ ಆದ ಮ್ಯಾಲಿನ ಮಾರಿ" ಅಂತ ಕಪಾಟುಗಳು. ರಾಜೇಸಾಬ ಸರಿಸುತ್ತಾ ಹೋದ. ಮೀಸೆಗಳು, ಪೇಟಗಳು, ಕುಂಕುಮಗಳು, ಟೋಪಿಗಳು, ಮದುಮಕ್ಕಳು, ಹಲ್ಲಿಲ್ಲದ ಅಜ್ಜಂದಿರು ಎಲ್ಲ ಹಾದು ಹೋದರು. ಶಿವಲಿಂಗವ್ವ ಪರದೆಯ ಹತ್ತಿರ ಬಗ್ಗಿದ್ದಳು. ಓದು ಬಾರದಾಕೆ, ನಮ್ಮಿಬ್ಬರಿಗಿಂತ ಮೊದಲು ಕಂಡಳು.

"ನಿಲ್ಲಸು. ಅಕಾ, ಅಲ್ಲಿ ಅದಾಳ."

ಬ್ಯಾನರಿಗೆ ಕತ್ತರಿಸಿದ್ದಲ್ಲ, ಅದಕ್ಕೂ ಮುಂಚಿನ ಅಸಲು ಚಿತ್ರ ಅದು. ಹಗ್ಗದ ಹೊರಸಿನ ಮೇಲೆ ಕೂತ ನಿಂಗವ್ವ, ಹಣೆ ತುಂಬ ಹಚ್ಚೆ, ಕ್ಯಾಮೆರಾದ ಮೇಲೆ ಸಿಟ್ಟಾದ ಮುಖ. ಎಡ ಹೆಗಲ ಮೇಲೆ ಹೊರಗಿನಿಂದ ಬಂದ ಯಾರದೋ ಕೈ. ಕೈ ಮಾತ್ರ ಇತ್ತು, ಮನುಷ್ಯ ಚಿತ್ರದ ಆಚೆ.

"ಚಲೋ ಐತಿ," ಅಂದ ರಾಜೇಸಾಬ. "ಹ್ವಾದ ಸಲದಂಗ ಈ ಅಡ್ಡ ಬಂದ ಕೈ ಅಳಿಸಿ, ಹಿಂದ ಹೂವಿನ ತೋಟ ಹಾಕ್ತೇನಿ. ಮತ್ತೇನರ ಬೇಕೇನಬೇ?"

"ಏನೂ ಬ್ಯಾಡ," ಅಂದಳು ಶಿವಲಿಂಗವ್ವ.

"ಬಣ್ಣ ಗಿಣ್ಣ?"

"ಏನೂ ಬ್ಯಾಡ."

ಅವನು ಅಳಿಸುವ ಕುಂಚ ಹಿಡಿದು ಆ ಕೈಯ ಹತ್ತಿರ ಹೋದ. ಆಕೆ ಸುಮ್ಮನೆ ನೋಡುತ್ತಿದ್ದಳು. ಎರಡು ಸಲ ಆಗಿತ್ತು.

"ತಡಿ ರಾಜೇಸಾಬ," ಅಂದೆ. "ಯವ್ವಾ, ಖರೇನ ಏನೂ ಬ್ಯಾಡೇನ್ರಿ?"

ಆಕೆ ಸೆರಗಿನ ತುದಿ ತಿರುವುತ್ತಾ ನಿಂತಳು.

"ಆ ಕೈ ಇರ್ಲಿ ಯಪ್ಪಾ."

"ಯಾರ ಕೈ ಅದು?"

"ನಂದ."

ರಾಜೇಸಾಬ ಕುಂಚ ಬಿಟ್ಟ. ನಾವಿಬ್ಬರೂ ಆಕೆಯ ಕೈಯನ್ನೂ ಪರದೆಯನ್ನೂ ನೋಡಿದೆವು. ಮಣಿಕಟ್ಟಿನ ಮೇಲೆ ಅದೇ ಹಚ್ಚೆ, ಅದೇ ಸೊಟ್ಟ ಚೇಳು.

"ಹ್ವಾದ ಸಲ ಅಳಿಸಿದಾಗ ಯಾಕ ಹೇಳಲಿಲ್ಲಬೇ?" ಅಂದ ಅವನು.

"ನೀ ಕೇಳಲಿಲ್ಲಲ್ಲೋ."

ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಶಾಂತಾ, "ಊಟಾ ಮಾಡ್ತೀರೇನು?" ಅಂದಳು. "ಬ್ಯಾಡ" ಅಂದೆ. ಆಕೆ ತಾಟು ಎತ್ತಿಟ್ಟಳು. ಮನೆಯಲ್ಲಿ ಈ ಪದ್ಧತಿ ನಡೆಯುವುದಿಲ್ಲ.

ತೊಟ್ಟಿಲು ಹಾಕಿದ ಮರುದಿನ ಬಸ್ ಕಂಡಕ್ಟರನ ಕೈಯಲ್ಲಿ ಗುಗ್ಗರಿಯ ಗಂಟು ಬಂತು. ಆಮೇಲೆ ಒಮ್ಮೆ ತಿಕೋಟಾಕ್ಕೆ ಯಾವುದೋ ಲಗ್ನಕ್ಕೆ ಹೋಗಿ, ಬಬಲೇಶ್ವರದ ಮೇಲೆ ವಾಪಸು ಬರುವಾಗ ದಾರಿಯುದ್ದಕ್ಕೂ ಬಣವಿಗಳನ್ನು ನೋಡುತ್ತಾ ಬಂದೆ. ಕೈ ಮುಗಿದವರು, ಗೆದ್ದವರು, ಸೋತವರು ಎಲ್ಲ ಇದ್ದರು. ನಿಂಗವ್ವ ಕಾಣಲಿಲ್ಲ. ಚಿಂತೆ ಹತ್ತಿತು. ಗಾಳಿಗೆ ಮತ್ತೆ ಚಿಂದಿಯಾಯಿತೋ ಏನೋ ಅಂತ ಬಸ್ಸಿನಿಂದಲೇ ರಾಜೇಸಾಬನಿಗೆ ಫೋನ್ ಮಾಡಿದೆ.

"ಬಣವಿಗೆ ಹಾಕಿಲ್ರಿ," ಅಂದ. "ಗ್ವಾಡಿಗೆ ಹಚ್ಯಾರ. ಕೈ ಗೀ ಎಲ್ಲಾ ಹಂಗ ಐತಿ. ಆಡು ಎರಡೂ ಕಾಲ ಎತ್ತಿ ನಿಂತ್ರೂ ಮುಟ್ಟದಷ್ಟು ಎತ್ತರಕ."